ಕತ್ತಲಿಗೂ ಒಂದು ವಿಳಾಸ ಬೇಕು

ಹೋದ ಯುಗಾದಿಗೆ ಊರಿಗೆ ಹೋಗುವಾಗ ಅಪ್ಪನನ್ನು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಾರಿಗೆ ಹತ್ತಿಸಿಕೊಂಡೆ. ಶಿಡ್ಲಘಟ್ಟ ದಾಟೋವರೆಗೂ ಮಳೆ, ಬೆಲೆ, ಮದುವೆ ಅಂತ ಮಾತಾಯಿತು. ಆಮೇಲೆ ಮಾತು ಮುಗಿದು ನಾನು ಲಸ್ಟ್‌ಮೋರ್ಡ್ ಹಾಕಿದೆ. ಅಪ್ಪ ಐದು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ, "ಏನಪ್ಪಾ ಇದು, ಬೋರಲ್ಲಿ ನೀರಿಲ್ದೆ ಮೋಟ್ರು ಓಡ್ದಂಗೈತೆ. ಆಫ್ ಮಾಡು, ಸುಟ್ಟೋಗ್ತೈತೆ" ಅಂದರು.

ನಕ್ಕುಬಿಟ್ಟೆ. ಆದರೆ ಆ ಆಲ್ಬಮ್ ಬಗ್ಗೆ ನಾನು ಓದಿದ್ದ ಇಂಗ್ಲಿಷ್ ವಿಮರ್ಶೆಗಳಲ್ಲಿ ಪಾತಾಳ, ಶೂನ್ಯ, ಅನಂತ ಅನ್ನೋ ಮಾತುಗಳೇ ತುಂಬಿದ್ದವು. ಅಪ್ಪ ಒಬ್ಬರೇ ಆ ಶಬ್ದ ಎಲ್ಲಿಂದ ಬರುತ್ತಿರಬಹುದು, ಅದರಿಂದ ಯಾರಿಗೆ ಏನು ನಷ್ಟ ಅಂತ ಕೇಳಿದ್ದು. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಸೀಮೆಯ ಮನುಷ್ಯನಿಗೆ ನೆಲದಾಳದ ಗುಂಯ್‌ಗುಡುವಿಕೆ ರೂಪಕ ಅಲ್ಲ, ಖರ್ಚು.

ಈ ಸಂಗೀತಕ್ಕೆ ಡಾರ್ಕ್ ಆಂಬಿಯೆಂಟ್ ಅಂತ ಹೆಸರು. ಗೊತ್ತಿಲ್ಲದವರಿಗೆ ಒಂದೆರಡು ಮಾತು. 1978ರಲ್ಲಿ ಬ್ರಯಾನ್ ಈನೋ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಮಾಡಿ, ಗಮನ ಕೊಟ್ಟರೂ ಸರಿ ಕೊಡದಿದ್ದರೂ ಸರಿ ಅನ್ನೋ ಥರದ ಸಂಗೀತಕ್ಕೆ ಆಂಬಿಯೆಂಟ್ ಅಂತ ಹೆಸರಿಟ್ಟರು. ಅದು ಮನಸ್ಸು ಹಗುರ ಮಾಡೋ ಸಂಗೀತ. ಅದೇ ಹೊತ್ತಿಗೆ ಇನ್ನೊಂದು ಕಡೆ ಕಾರ್ಖಾನೆಯ ಗದ್ದಲವನ್ನೇ ಸಂಗೀತ ಅಂದುಕೊಂಡ ಇಂಡಸ್ಟ್ರಿಯಲ್ ಗುಂಪುಗಳಿದ್ದವು. ಇವೆರಡೂ ಕೂಡಿದ ಜಾಗದಲ್ಲಿ ಈ ಪ್ರಕಾರ ಹುಟ್ಟಿತು. ತಾಳ ಇಲ್ಲ, ಹಾಡು ಇಲ್ಲ. ತಗ್ಗಿನ ಸ್ವರದ ಒಂದು ಮೊರೆತ, ದೂರದಲ್ಲೆಲ್ಲೋ ಕಬ್ಬಿಣ ಉಜ್ಜಿದ ಸದ್ದು, ಗುಹೆಯೊಳಗಿನಂಥ ಪ್ರತಿಧ್ವನಿ, ಅಷ್ಟೇ.

"ಇದೇನು ಹೊಸದು, ನಮ್ಮ ತಂಬೂರಿ ಇಲ್ವಾ?" ಅಂತ ಗೆಳೆಯನೊಬ್ಬ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ತಂಬೂರಿಯ ಶ್ರುತಿ ಹಾಡುವವರು ಹೊರಟು ತಿರುಗಿ ಬರೋ ಮನೆ. ಇಲ್ಲಿ ಶ್ರುತಿ ಹಿಡಿದು ಕೂರುತ್ತಾರೆ, ಹಾಡುವವರು ಮಾತ್ರ ಕೊನೆಗೂ ಬರೋದೇ ಇಲ್ಲ. ಬರದೇ ಇರೋದನ್ನು ಒಂದು ಗಂಟೆ ಕಾಯಿಸೋದೇ ಈ ಸಂಗೀತದ ಕೆಲಸ.

ನಾನು ಇದಕ್ಕೆ ಅಂಟಿಕೊಂಡಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಆಫೀಸಿನಲ್ಲಿ ಗೋಡೆಗಳಿಲ್ಲ. ಪಕ್ಕದವರ ಕಾಲ್, ಹಿಂದಿನವರ ಸ್ಟ್ಯಾಂಡಪ್, ಕಾಫಿ ಮಷೀನು, ಎಲ್ಲದರ ಮಧ್ಯೆ ಕೋಡ್ ಓದಬೇಕು. ಸಾಹಿತ್ಯ ಇರೋ ಹಾಡು ಹಾಕಿದರೆ ತಲೆ ಅದರ ಹಿಂದೆ ಹೋಗುತ್ತೆ. ಇದನ್ನು ಹಾಕಿಕೊಂಡರೆ ನನ್ನ ಸುತ್ತ ಒಂದು ಕೋಣೆ ಕಟ್ಟಿದ ಹಾಗೆ. ನಿಮ್ಮಲ್ಲೂ ಎಷ್ಟೋ ಜನ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆಯ ಇಂಥ ಮಿಕ್ಸ್‌ಗಳನ್ನು ಹೆಸರು ಗೊತ್ತಿಲ್ಲದೆಯೇ ಹಾಕಿಕೊಂಡಿರುತ್ತೀರಿ.

ಹಾಗೆ ಕೇಳುತ್ತಾ ಕೇಳುತ್ತಾ ಲೇಬಲ್‌ಗಳ ಪರಿಚಯವಾಯಿತು. 1987ರಲ್ಲಿ ರೋಜರ್ ಕಾರ್ಮಾನಿಕ್ ಶುರು ಮಾಡಿದ ಸ್ವೀಡನ್ನಿನ ಕೋಲ್ಡ್ ಮೀಟ್ ಇಂಡಸ್ಟ್ರಿ, ಫ್ರೆಡ್ರಿಕ್ ಆರ್ಬೂರ್ ಅವರ ಸೈಕ್ಲಿಕ್ ಲಾ, ಸೈಮನ್ ಹೀತ್ ನಡೆಸುವ ಕ್ರಯೋ ಚೇಂಬರ್. ಈ ಹೀತ್ ತಾವೇ ಸಂಗೀತಗಾರ. ಏಟ್ರಿಯಮ್ ಕಾರ್ಸೆರಿ ಅನ್ನೋ ಹೆಸರಿನಲ್ಲಿ 2003ರಲ್ಲಿ 'ಸೆಲ್‌ಬ್ಲಾಕ್' ಅನ್ನೋ ಆಲ್ಬಮ್ ಮಾಡಿದವರು. ಈಗ ಲೇಬಲ್ಲಿನ ಕವರ್‌ಗಳ ವಿನ್ಯಾಸದಲ್ಲೂ ಅವರದೇ ಕೈ.

ಈ ಪ್ರಕಾರದಲ್ಲಿ ಕವರ್ ಬರೀ ರಟ್ಟಲ್ಲ. ಸಂಗೀತದಲ್ಲಿ ಮಾತಿಲ್ಲವಲ್ಲ, ಹಾಗಾಗಿ ಇದು ಗುಹೆಯೋ, ಜೈಲೋ, ಬಾಹ್ಯಾಕಾಶವೋ ಅಂತ ಹೇಳೋದೇ ಕವರು ಮತ್ತು ಹೆಸರು. ಕವರ್ ಬದಲಿಸಿದರೆ ಅದೇ ಮೊರೆತ ಹಡಗಾಗುತ್ತೆ, ಆಸ್ಪತ್ರೆಯಾಗುತ್ತೆ. ಹಾಗಾದರೆ ಕವರ್‌ಗಳು ಏನು ಹೇಳುತ್ತಿವೆ? ಸಾಲಾಗಿ ಇಟ್ಟು ನೋಡಿ. ಪಾಳುಬಿದ್ದ ಚರ್ಚು, ಪಾಳುಬಿದ್ದ ಕಾರ್ಖಾನೆ, ಮಂಜು, ಆಕಾಶ ಮುಟ್ಟೋ ಕಪ್ಪು ಕಟ್ಟಡ, ಕೆಳಗೆ ಇರುವೆಯಷ್ಟು ಒಬ್ಬ ಮನುಷ್ಯ. ಅದೂ ಬೇಸರವಾದರೆ ಲವ್‌ಕ್ರಾಫ್ಟ್ ಕಥೆಗಳ ದೈತ್ಯರು. ಕ್ರಯೋ ಚೇಂಬರ್ 2014ರಲ್ಲಿ 'ಕ್ಥುಲು' ಹೆಸರಿನಲ್ಲಿ ತನ್ನ ಕಲಾವಿದರನ್ನೆಲ್ಲ ಕೂಡಿಸಿ ಒಂದು ಆಲ್ಬಮ್ ಮಾಡಿತು. ಮುಂದಿನ ವರ್ಷ 'ಅಜಾಥೋತ್', ಅದರ ಮುಂದಿನ ವರ್ಷ ಇನ್ನೊಬ್ಬ ದೈತ್ಯ. ಕುಸುರಿ ಕೆಲಸ ಚೆನ್ನಾಗಿದೆ, ಇಲ್ಲ ಅನ್ನಲಾರೆ. ಆದರೆ ಮೂರನೆಯದನ್ನು ಕೇಳುವಾಗ ಮೊದಲನೆಯದರ ಯಾವ ಗಳಿಗೆಯೂ ನೆನಪಿರಲಿಲ್ಲ.

ನನಗೆ ತಕರಾರಿರೋದು ಆ ಪಾಳು ಕಟ್ಟಡಗಳ ಬಗ್ಗೆ.

ನಮ್ಮೂರಲ್ಲಿ ಒಂದು ಪಾಳು ಕಟ್ಟಡ ಇದೆ. ನಮ್ಮದೇ ಹುಳುಮನೆ. ಹದಿನೈದು ವರ್ಷ ಅಲ್ಲಿ ರೇಷ್ಮೆ ಬೆಳೆದು ನನ್ನ ಬಿಇ ಫೀಸು ಕಟ್ಟಿದರು. ಬೋರು ಬತ್ತಿತು, ಹಿಪ್ಪುನೇರಳೆ ತೋಟ ಒಣಗಿತು, ಎರಡನೇ ಬೋರಿಗೆ ಮಾಡಿದ ಸಾಲ ಉಳಿಯಿತು. ಈಗ ಅಲ್ಲಿ ಮುರಿದ ಚಂದ್ರಿಕೆಗಳು, ಗೋಡೆ ತುಂಬ ಸುಣ್ಣ ಉದುರಿದ ಗುರುತು, ಸೊಳ್ಳೆಪರದೆ ಹರಿದ ಕಿಟಕಿಯಿಂದ ಓರೆಯಾಗಿ ಬೀಳೋ ಬಿಸಿಲು. ಆ ಯುಗಾದಿ ದಿನ ಸಂಜೆ ನಾನು ಅದರ ಫೋಟೋ ತೆಗೆದೆ. ನೋಡಿದರೆ ಅಪ್ಪಟ ಡಾರ್ಕ್ ಆಂಬಿಯೆಂಟ್ ಕವರು. ಕಾಂಟ್ರಾಸ್ಟ್ ಒಂಚೂರು ಏರಿಸಿ, ಕೆಳಗೆ ಸಣ್ಣ ಬಿಳಿ ಅಕ್ಷರದಲ್ಲಿ ಲ್ಯಾಟಿನ್ ಹೆಸರು ಹಾಕಿದರೆ ಸಾಕು. ಫೋನಿನಲ್ಲಿ ಅದನ್ನೇ ಮಾಡುತ್ತಾ ಕೂತಿದ್ದಾಗ ಅಮ್ಮ ಹಿಂದಿನಿಂದ ನೋಡಿ, "ಅದನ್ನ ಯಾರಿಗೂ ಕಳಿಸ್ಬೇಡ" ಅಂದರು. ಅಳಿಸಿಬಿಟ್ಟೆ.

ಪಾಳು ಚಂದ ಕಾಣೋದು ಅದರ ಸಾಲ ಬೇರೆ ಯಾರೋ ತೀರಿಸುತ್ತಿರುವಾಗ. ಕವರ್ ಮೇಲಿನ ಕಾರ್ಖಾನೆಯಲ್ಲಿ ಯಾರು ದುಡಿಯುತ್ತಿದ್ದರು, ಯಾವ ವರ್ಷ ಬೀಗ ಬಿತ್ತು, ಯಾವ ಊರು, ಒಂದೂ ಇರೋದಿಲ್ಲ. ವಿಳಾಸ ಇಲ್ಲದ ಕತ್ತಲನ್ನು ಯಾರು ಬೇಕಾದರೂ ಬಾಡಿಗೆಗೆ ಪಡೆಯಬಹುದು, ನಾನು ಆಫೀಸಿನಲ್ಲಿ ಪಡೆದ ಹಾಗೆ.

ಹಾಗಂತ ಇಡೀ ಪ್ರಕಾರವನ್ನೇ ತಳ್ಳಿಹಾಕೋಕೆ ಆಗಲ್ಲ. ಅದಕ್ಕೆ ಕಾರಣ ಅಪ್ಪ ಆಫ್ ಮಾಡು ಅಂದ ಲಸ್ಟ್‌ಮೋರ್ಡೇ. ವೇಲ್ಸ್ ಮೂಲದ ಬ್ರಯಾನ್ ವಿಲಿಯಮ್ಸ್ ಅವರ ಕಲಾನಾಮ ಅದು. ಅವರ 1990ರ 'ಹೆರೆಸಿ' ಈ ಪ್ರಕಾರದ ಮೂಲ ಗ್ರಂಥ ಇದ್ದ ಹಾಗೆ. ಅದಕ್ಕೆ ಅವರು ನಿಜವಾಗಿ ನೆಲದಡಿಗೆ ಇಳಿದರು. ಸಮಾಧಿ ಕೋಣೆ, ಗವಿ, ಗಣಿಗಳಲ್ಲಿ ಮಾಡಿದ ಧ್ವನಿಮುದ್ರಣದ ಜೊತೆಗೆ ಭೂಕಂಪನ, ಜ್ವಾಲಾಮುಖಿ ಮೂಲದ ಶಬ್ದಗಳನ್ನೂ ಸೇರಿಸಿದರು. ಕೇಳಿದರೆ ಆ ಇಳಿಯುವಿಕೆ ತಿಳಿಯುತ್ತೆ. ಪ್ರತಿಧ್ವನಿ ಒಂದು ಗೋಡೆಗೆ ಬಡಿದು ವಾಪಸು ಬಂದಿದೆ ಅಂತ ಕಿವಿ ನಂಬುತ್ತೆ.

2016ರ 'ಡಾರ್ಕ್ ಮ್ಯಾಟರ್' ಇನ್ನೂ ದೊಡ್ಡ ಸಾಹಸ. ಟಚ್ ಲೇಬಲ್ಲಿನಲ್ಲಿ ಬಂತು. ಒಂದು ಗಂಟೆಗೂ ಮಿಕ್ಕಿ ಹರಡಿರೋ ಮೂರೇ ಟ್ರ್ಯಾಕು. 1993ರಿಂದ 2003ರವರೆಗೆ ನಾಸಾ, ಅರೆಸಿಬೋ, ವೆರಿ ಲಾರ್ಜ್ ಅರೇ ಮುಂತಾದ ಕಡೆಗಳಿಂದ ಕೂಡಿಸಿದ ಬಾಹ್ಯಾಕಾಶದ ದತ್ತಾಂಶವೇ ಇದರ ಕಚ್ಚಾವಸ್ತು. ಅಂದರೆ ವಿಳಾಸಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಸಮಸ್ಯೆ ಏನಂದರೆ, ಹಾಕಿ ಕೇಳಿದರೆ ಆ ಪಟ್ಟಿಯಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಾಗೋದಿಲ್ಲ. ಎಲ್ಲವೂ ಒಂದೇ ಪ್ರತಿಧ್ವನಿಯ ಬಾವಿಗೆ ಬಿದ್ದು ಲಸ್ಟ್‌ಮೋರ್ಡ್ ಆಗಿಬಿಡುತ್ತೆ. ಗುರುಗ್ರಹದ ರೇಡಿಯೋ ಸ್ಫೋಟಗಳನ್ನು ರಿಸೀವರಿನಲ್ಲಿ ಕೇಳಿದರೆ ಒಂದು ಬಗೆ ಸಮುದ್ರದ ಅಲೆ ಹಾಗೆ, ಇನ್ನೊಂದು ಬಗೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿಸುತ್ತೆ. ಅಂಥ ಒರಟು, ತಮಾಷೆಯ ಶಬ್ದಕ್ಕೆ ಇಲ್ಲಿ ಜಾಗವಿಲ್ಲ. ವಿಶ್ವ ಗಂಭೀರವಾಗಿಯೇ ಇರಬೇಕು ಅಂತ ಮೊದಲೇ ತೀರ್ಮಾನ ಆಗಿಬಿಟ್ಟಿದೆ. ಅದೇ ಟಚ್ ಲೇಬಲ್ಲಿನಲ್ಲಿ 2003ರಲ್ಲಿ ಬಂದ ಕ್ರಿಸ್ ವಾಟ್ಸನ್ ಅವರ 'ವೆದರ್ ರಿಪೋರ್ಟ್' ಪಕ್ಕಕ್ಕಿಟ್ಟು ನೋಡಿ. ಅದರ ಕೊನೆಯ ಭಾಗದಲ್ಲಿ ಐಸ್‌ಲ್ಯಾಂಡಿನ ಹಿಮನದಿಯೊಂದು ನರಳುತ್ತೆ, ಬಿರಿಯುತ್ತೆ. ಅಲ್ಲಿ ಭಯ ಹುಟ್ಟಿಸೋ ಪ್ರಯತ್ನವೇ ಇಲ್ಲ. ಆದರೂ ನನಗೆ ಚಳಿ ಹತ್ತಿದ್ದು ಅದನ್ನು ಕೇಳಿದಾಗ.

ದತ್ತಾಂಶವನ್ನು ಹಾಗೇ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ನೀವೆಲ್ಲ ನೋಡಿರೋ ಒಂದು ಕವರ್ ಉದಾಹರಣೆ. 1979ರ ಜಾಯ್ ಡಿವಿಷನ್ ಬ್ಯಾಂಡಿನ 'ಅನ್‌ನೋನ್ ಪ್ಲೆಷರ್ಸ್'. ಕಪ್ಪಿನ ಮೇಲೆ ಬಿಳಿ ಬೆಟ್ಟಸಾಲಿನಂಥ ಗೆರೆಗಳು. ಇಂದಿರಾನಗರದಲ್ಲಿ ಅರ್ಧ ಗಂಟೆ ನಿಂತರೆ ಆ ಟೀಶರ್ಟ್ ಒಂದಾದರೂ ಹಾದುಹೋಗುತ್ತೆ. ಆ ಗೆರೆಗಳು ಬೆಟ್ಟ ಅಲ್ಲ. 1967ರಲ್ಲಿ ಜೋಸೆಲಿನ್ ಬೆಲ್ ಪತ್ತೆಹಚ್ಚಿದ ಮೊದಲ ಪಲ್ಸಾರಿನ ಮಿಡಿತಗಳು. ಅರೆಸಿಬೋ ದೂರದರ್ಶಕದ ದತ್ತಾಂಶದಿಂದ ಹೆರಾಲ್ಡ್ ಕ್ರಾಫ್ಟ್ ತಮ್ಮ ಪಿಎಚ್‌ಡಿಗೆ ಬರೆದುಕೊಂಡ ಚಿತ್ರ. ವಿನ್ಯಾಸಕಾರ ಪೀಟರ್ ಸ್ಯಾವಿಲ್ ಅದಕ್ಕೆ ಮಂಜು ಸೇರಿಸಲಿಲ್ಲ, ತಲೆಬುರುಡೆ ಸೇರಿಸಲಿಲ್ಲ. ಅದು ಡಾರ್ಕ್ ಆಂಬಿಯೆಂಟ್ ಆಲ್ಬಮ್ ಅಲ್ಲ, ಆದರೆ ಆ ಪ್ರಕಾರಕ್ಕೆ ಸಿಗಬಹುದಾಗಿದ್ದ ಅತ್ಯುತ್ತಮ ಕವರು ಅದೇ ಅಂತ ನನ್ನ ಅಭಿಪ್ರಾಯ.

ಇಷ್ಟೆಲ್ಲ ಹೇಳಿದ್ದು ಗೌರಿಬಿದನೂರಿಗೆ ಬರೋಕೆ.

ನಮ್ಮ ಜಿಲ್ಲೆಯವರಿಗೇ ಎಷ್ಟೋ ಸಲ ಗೊತ್ತಿರೋದಿಲ್ಲ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ ಇದೆ. 1976ರಿಂದ ಅಲ್ಲಿ ವೀಕ್ಷಣೆ ನಡೆದಿದೆ. ಬಟ್ಟಲಿನಂಥ ದೊಡ್ಡ ಡಿಶ್ ಅಲ್ಲ. ಬಯಲಿನಲ್ಲಿ ಕಂಬ ನೆಟ್ಟು, ತಂತಿ ಎಳೆದು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾ ನಿಲ್ಲಿಸಿದ್ದರು. ದೂರದಿಂದ ನೋಡಿದರೆ ದ್ರಾಕ್ಷಿ ಚಪ್ಪರ ಅನ್ನಬೇಕು. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿ, 1990ರಲ್ಲಿ ದ್ವಾರಕಾನಾಥ್ ಮತ್ತು ಉದಯಶಂಕರ್ ಆ ತರಂಗದಲ್ಲಿ ಆಕಾಶದ ನಕ್ಷೆ ಪ್ರಕಟಿಸಿದರು. ಪಲ್ಸಾರ್‌ಗಳನ್ನೂ ಅಲ್ಲಿ ಆಲಿಸಿದ್ದಾರೆ. ಅದೇ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಜಾಲವೂ ಇದೆ. ಜಗತ್ತಿನ ಯಾವ ಮೂಲೆಯಲ್ಲಿ ನೆಲದಡಿ ಅಣುಬಾಂಬ್ ಸಿಡಿಸಿದರೂ ಪತ್ತೆಹಚ್ಚೋಕೆ ಅಂತ ಇಟ್ಟಿದ್ದು. ಒಂದೇ ತಾಲ್ಲೂಕು, ಮೇಲಕ್ಕೊಂದು ಕಿವಿ, ಕೆಳಕ್ಕೊಂದು ಕಿವಿ. ಲಸ್ಟ್‌ಮೋರ್ಡ್ 'ಹೆರೆಸಿ'ಗೂ 'ಡಾರ್ಕ್ ಮ್ಯಾಟರ್'ಗೂ ಹುಡುಕಿದ ಕಚ್ಚಾವಸ್ತು ಎರಡೂ ಕಡಲೆಕಾಯಿ ಹೊಲಗಳ ಪಕ್ಕದಲ್ಲೇ ಇದೆ.

ಶಬ್ದ ಮಾಡೋದೂ ಕಷ್ಟವಿಲ್ಲ. ಭೂಕಂಪನದ ಅಲೆ ಸೆಕೆಂಡಿಗೆ ಒಂದು ಸಲ ಅಲುಗಿದರೆ ಕಿವಿಗೆ ಕೇಳಿಸೋದಿಲ್ಲ. ಅದೇ ರೆಕಾರ್ಡನ್ನು ನೂರು ಪಟ್ಟು ವೇಗವಾಗಿ ಓಡಿಸಿದರೆ 100 ಹರ್ಟ್ಸ್, ಒಳ್ಳೇ ಬೇಸ್. ಹತ್ತಿಪ್ಪತ್ತು ಸಾಲಿನ ಕೋಡು. ಉಳಿದದ್ದು ಮನಸ್ಸಿನ ಪ್ರಶ್ನೆ. ಬೆಂಗಳೂರಿನಲ್ಲಿ ಕೂತು ಸ್ವೀಡನ್ನಿನ ಮಂಜಿಗೆ ದುಡ್ಡು ಕೊಡೋ ನನ್ನಂಥವರು, ನಮ್ಮ ಬಿಸಿಲಿನೊಳಗಿರೋ ಕತ್ತಲನ್ನು ಕೇಳೋಕೆ ತಯಾರಿದ್ದೀವಾ ಅನ್ನೋದು.

ನಾನು ಅಷ್ಟು ದೂರ ಹೋಗಿಲ್ಲ. ಮೊನ್ನೆ ಊರಿಗೆ ಹೋದಾಗ ಇನ್ನೂ ಬೆಳೆ ಇಡುತ್ತಿರೋ ಪಕ್ಕದ ಮನೆಯವರ ಹುಳುಮನೆಯಲ್ಲಿ ಫೋನ್ ಇಟ್ಟು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನೋ ಸದ್ದು ಗೊತ್ತಲ್ಲ, ಹೆಂಚಿನ ಮೇಲೆ ಮಳೆ ಬಂದ ಹಾಗೆ. ಚಿಕ್ಕಂದಿನಲ್ಲಿ ಆ ಸದ್ದಿನಲ್ಲೇ ನಿದ್ದೆ ಮಾಡುತ್ತಿದ್ದೆ. ಎಡಿಟ್ ಮಾಡಲಿಲ್ಲ, ಪ್ರತಿಧ್ವನಿ ಸೇರಿಸಲಿಲ್ಲ. ಫೈಲಿಗೆ ಊರ ಹೆಸರು, ತಾರೀಖು ಹಾಕಿದೆ.

ರಾತ್ರಿ ಅಪ್ಪನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮೋಟ್ರು ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಜ್ವರ ಎದ್ದು ಮೂರ್ನಾಲ್ಕು ದಿನ ಆಗೈತೆ. ಸೊಪ್ಪು ಕಮ್ಮಿ ಹಾಕವ್ರೆ, ಅವ್ರ ತೋಟಕ್ಕೂ ನೀರು ಸಾಲ್ತಿಲ್ಲ ಅನ್ಸುತ್ತೆ" ಅಂದರು. ಹೆಡ್‌ಫೋನ್ ಮಾತ್ರ ತೆಗೆಯಲಿಲ್ಲ, ಇಪ್ಪತ್ತು ನಿಮಿಷವೂ ಕೇಳಿದರು.