ಸುತ್ತು ಹೆಚ್ಚಿದಷ್ಟೂ ಸದ್ದು ಹೆಚ್ಚದು

ಸೊರಬದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಟರ್ನ್‌ಟೇಬಲ್‌ಗೆ ಡೆನಾನ್ ಡಿಎಲ್-103 ಕಾರ್ಟ್ರಿಡ್ಜ್ ಹಾಕಿಸಿದ್ದಾರೆ. ಫೋನೊ ಪ್ರೀಆಂಪ್‌ನಲ್ಲಿ ಇರುವುದು ಎಂಎಂ (ಮೂವಿಂಗ್ ಮ್ಯಾಗ್ನೆಟ್) ಕಿಂಡಿ ಮಾತ್ರ. ನಡುವೆ ಇಡಲು ಹಳೆಯ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಎರಡು ಕಡೆ ಸಿಗುತ್ತಿದೆಯಂತೆ, ಒಂದು ಹತ್ತು ಪಟ್ಟಿನದು, ಇನ್ನೊಂದು ನಲವತ್ತು ಪಟ್ಟಿನದು. ಬೆಲೆ ಹೆಚ್ಚುಕಡಿಮೆ ಒಂದೇ. "ನಲವತ್ತರದ್ದೇ ತಗೊಂಡುಬಿಡ್ಲಾ ಸಾರ್? ಹೇಗೂ ಅದೇ ಜೋರಲ್ವಾ?" ಎಂದು ಕೇಳಿದ್ದಾರೆ.

ಬೇಡ. ಯಾಕೆ ಬೇಡ ಎಂದು ಹೇಳಲು ಸ್ವಲ್ಪ ಲೆಕ್ಕ ಮಾಡಬೇಕು, ಬೇಸರಪಡಬಾರದು.

ಟ್ರಾನ್ಸ್‌ಫಾರ್ಮರ್ ಎಂದರೇನೆಂದು ಶಿಕಾರಿಪುರ, ಸೊರಬದ ಕಡೆಯವರಿಗೆ ಪಾಠ ಮಾಡಬೇಕಿಲ್ಲ. ಪಂಪ್‌ಸೆಟ್ ಇಟ್ಟವರಿಗೆಲ್ಲ ಟಿಸಿ ಗೊತ್ತು. ಸುಟ್ಟ ಟಿಸಿ ಬದಲಾಗುವ ತನಕ ಕಾಯುವುದೂ ಗೊತ್ತು. ಹೊಲದ ಬದಿಯ ಆ ಟಿಸಿ 11,000 ವೋಲ್ಟನ್ನು 433ಕ್ಕೆ ಇಳಿಸುತ್ತದೆ, ಅಂದರೆ ಸುಮಾರು ಇಪ್ಪತ್ತೈದಕ್ಕೊಂದು. ನಮ್ಮ ಪುಟ್ಟ ಪೆಟ್ಟಿಗೆ ಮಾಡುವುದು ಇದೇ ಕೆಲಸವನ್ನು, ತಿರುಗುಮುರುಗಾಗಿ. ಅನುಪಾತವೂ ಅದರ ಆಸುಪಾಸಿನಲ್ಲೇ ಇರುತ್ತದೆ. ಆದರೆ ಇದರೊಳಗೆ ಹೋಗುವುದು ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಮೂರು ಪಾಲು.

ಅಷ್ಟು ಕಡಿಮೆ ಏಕೆಂದರೆ ಡಿಎಲ್-103 ಮೂವಿಂಗ್ ಕಾಯಿಲ್ (ಎಂಸಿ) ಜಾತಿಯ ಕಾರ್ಟ್ರಿಡ್ಜ್. ಸಾಮಾನ್ಯ ಎಂಎಂನಲ್ಲಿ ಮುಳ್ಳಿನ ಜತೆ ಅಲುಗುವುದು ಪುಟ್ಟ ಅಯಸ್ಕಾಂತ. ಸುರುಳಿ ನಿಂತಲ್ಲೇ ಇರುವುದರಿಂದ ಅದಕ್ಕೆ ಬೇಕಾದಷ್ಟು ಸುತ್ತು ಹಾಕಬಹುದು, 3ರಿಂದ 5 ಮಿಲಿವೋಲ್ಟ್ ಸಿಗುತ್ತದೆ. ಎಂಸಿಯಲ್ಲಿ ಸುರುಳಿಯೇ ಮುಳ್ಳಿನ ಜತೆ ಅಲುಗಬೇಕು. ಭಾರವಾದರೆ ಗೆರೆಯನ್ನು ಹಿಂಬಾಲಿಸಲಾರದು, ಹಾಗಾಗಿ ಸುತ್ತು ಕಡಿಮೆ, ವೋಲ್ಟೂ ಕಡಿಮೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಬಾನುಲಿ ಕೇಂದ್ರಗಳಿಗೆಂದು 1960ರ ದಶಕದಲ್ಲಿ ಹುಟ್ಟಿದ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್. ಅದರ ಸುರುಳಿಯ ಇಂಪಿಡೆನ್ಸ್ 40 ಓಮ್. ಈ ನಲವತ್ತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಟ್ರಾನ್ಸ್‌ಫಾರ್ಮರ್ ಏನನ್ನೂ ಸೃಷ್ಟಿಸುವುದಿಲ್ಲ. ವೋಲ್ಟನ್ನು ಹತ್ತು ಪಟ್ಟು ಏರಿಸಿದರೆ ಕರೆಂಟನ್ನು ಹತ್ತರಲ್ಲೊಂದಕ್ಕೆ ಇಳಿಸಿರುತ್ತದೆ. ಇದರಿಂದಾಗಿ ಪ್ರೀಆಂಪ್‌ನ ಎಂಎಂ ಕಿಂಡಿಯ 47,000 ಓಮ್ ಭಾರವು ಕಾರ್ಟ್ರಿಡ್ಜ್ ಕಡೆಯಿಂದ ನೋಡುವಾಗ 47,000 ಆಗಿ ಉಳಿಯುವುದಿಲ್ಲ. ಪಟ್ಟಿನ ವರ್ಗದಿಂದ ಭಾಗವಾಗುತ್ತದೆ. ಹತ್ತು ಪಟ್ಟಿಗೆ 470 ಓಮ್. ಇಪ್ಪತ್ತಕ್ಕೆ 117 ಚಿಲ್ಲರೆ. ನಲವತ್ತಕ್ಕೆ ಬರೀ 29.

ಈಗ ನಮ್ಮ ಸೊರಬದವರ ಆಸೆಯನ್ನು ಲೆಕ್ಕಕ್ಕೆ ಹಚ್ಚೋಣ. 40 ಓಮ್ ಸುರುಳಿಯ ಎದುರು 29 ಓಮ್ ಭಾರ ಕೂತರೆ ಹುಟ್ಟಿದ ವೋಲ್ಟಿನ ಅರ್ಧಕ್ಕಿಂತ ಹೆಚ್ಚು ಭಾಗ ಸುರುಳಿಯಲ್ಲೇ ಕರಗಿಹೋಗುತ್ತದೆ. ನಲವತ್ತು ಪಟ್ಟಿನಲ್ಲಿ ಹೊರಬರುವುದು ಅವರು ಎಣಿಸಿದ 12 ಮಿಲಿವೋಲ್ಟ್ ಅಲ್ಲ, 5ರ ಹತ್ತಿರ. ಇಪ್ಪತ್ತು ಪಟ್ಟಿನದರಲ್ಲಿ 4.5, ಹತ್ತರದರಲ್ಲಿ 2.8. ಅಂದರೆ ಇಪ್ಪತ್ತರಿಂದ ನಲವತ್ತಕ್ಕೆ ಹಾರಿದರೆ ಸಿಕ್ಕ ಲಾಭ ಅರ್ಧ ಮಿಲಿವೋಲ್ಟ್! ಸುಮಾರು ಮೂವತ್ತನಾಲ್ಕು ಪಟ್ಟಿನಲ್ಲಿ ಇದು ತುದಿ ಮುಟ್ಟುತ್ತದೆ, ಆಮೇಲೆ ಏರಿಸಿದಷ್ಟೂ ಇಳಿಯುತ್ತದೆ. (ಟ್ರಾನ್ಸ್‌ಫಾರ್ಮರಿನದೇ ತಂತಿಯ ನಷ್ಟವನ್ನು ಇಲ್ಲಿ ಬಿಟ್ಟಿದ್ದೇನೆ, ಸೇರಿಸಿದರೆ ಅಂಕಿಗಳು ಇನ್ನಷ್ಟು ಸೊರಗುತ್ತವೆ.) ಸದ್ದು ಹೆಚ್ಚದಿರುವುದಕ್ಕಿಂತ ದೊಡ್ಡ ನಷ್ಟ ಕೇಳ್ಮೆಯದು. ಅಷ್ಟು ಬಿಗಿಯಾದ ಭಾರದಡಿ ಡಿಎಲ್-103 ಮಂಕಾಗುತ್ತದೆ, ತಂಬೂರಿಯ ಝೇಂಕಾರ ಕಂಬಳಿ ಹೊದ್ದಂತೆ ಕೇಳುತ್ತದೆ.

ಹಾಗಾದರೆ ನಲವತ್ತರದ್ದು ಕೆಟ್ಟ ಮಾಲೇ? ಅಲ್ಲ, ಅದರ ಜೋಡಿ ಬೇರೆ. ಡೆನ್ಮಾರ್ಕಿನ ಆರ್ಟೊಫೋನ್ 1959ರಲ್ಲಿ ತಂದ ಎಸ್‌ಪಿಯು ಕಾರ್ಟ್ರಿಡ್ಜ್ ಕೊಡುವುದು 0.2 ಮಿಲಿವೋಲ್ಟ್, ಆದರೆ ಅದರ ಇಂಪಿಡೆನ್ಸ್ ಬರೀ 2 ಓಮ್. ಅದಕ್ಕೆ 29 ಓಮ್ ಭಾರ ಒಂದು ಲೆಕ್ಕವೇ ಅಲ್ಲ. ಹಳೆಯ ಜಪಾನಿ ಪೆಟ್ಟಿಗೆಗಳ ಮುಖದ ಮೇಲೆ 3 ಓಮ್, 40 ಓಮ್ ಎಂದು ಬರೆದ ಸ್ವಿಚ್ ಇರುವುದು ಈ ಎರಡು ಕುಲದವರಿಗಾಗಿ. ಆ ಅಂಕಿ ಕಾರ್ಟ್ರಿಡ್ಜ್‌ನದು, ಟ್ರಾನ್ಸ್‌ಫಾರ್ಮರಿನದಲ್ಲ. ಮಾರುವವರಲ್ಲೇ ಅನೇಕರು ಇದನ್ನು ತಪ್ಪಾಗಿ ಓದುತ್ತಾರೆ.

ನನ್ನ ಮತ ಹತ್ತರದ್ದಕ್ಕೆ. ಡೆನಾನ್ ಕಂಪನಿಯೇ ಈ ಕಾರ್ಟ್ರಿಡ್ಜ್‌ಗೆಂದು ಮಾಡಿದ ಎಯು-300ಎಲ್‌ಸಿ ಕೂಡ ಹತ್ತು ಪಟ್ಟಿನದೇ. ಇಪ್ಪತ್ತರದ್ದು ಸಿಕ್ಕರೆ ಬೇಡವೆನ್ನಲಾರೆ, ದನಿ ತುಸು ತುಂಬಿಕೊಂಡು ಬರುತ್ತದೆ, ಹಳೆಯ ಪ್ಲೇಟುಗಳ ಚರಪರವೂ ಕಡಿಮೆ ಕೇಳುತ್ತದೆ. ಆದರೆ ಪತ್ರದಲ್ಲಿ ಅವರು ಹೆಸರಿಸಿರುವುದು ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳನ್ನು. ಅಕ್ಕನ ಉಡುತಡಿಗೂ ಅಲ್ಲಮನ ಬಳ್ಳಿಗಾವೆಗೂ ನೆರೆಯವರಾದ ಜನ, ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದ ಗಾಯಕನ ಪ್ಲೇಟುಗಳನ್ನು ಜೋಪಾನ ಮಾಡಿದ್ದರೆ ಆಶ್ಚರ್ಯವಿಲ್ಲ. ಮನ್ಸೂರರ ಗಾಯನದಲ್ಲಿ ಒಂದು ತಾನ ಮುಗಿಯುವ ಮೊದಲೇ ಮುಂದಿನ ತಾನದ ಬಾಯಿ ತೆರೆದಿರುತ್ತದೆ. ಆ ಸಂದಿಯ ಗಾಳಿ ಕೇಳಬೇಕೆಂದರೆ ಭಾರ ಹಗುರವಾಗಿರಬೇಕು. ಚರಪರ ಕೇಳಿದರೆ ಕೇಳಲಿ.

ಶಿಕಾರಿಪುರದ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಒಂದು ಸುತ್ತಿಸಿಕೊಂಡರೆ ಆಗದೆ ಎಂದು ಮತ್ತೊಂದು ಪ್ರಶ್ನೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಸುಟ್ಟ ಮೋಟರನ್ನು ಒಂದು ರಾತ್ರಿಯಲ್ಲಿ ಎಬ್ಬಿಸುವ ಜನ. ತೊಡಕಿರುವುದು ಕೋರ್‌ನಲ್ಲಿ. ಪಂಪಿನ ಸ್ಟಾಂಪಿಂಗ್ ಸಿಲಿಕಾನ್ ಉಕ್ಕಿನದು. ಮಿಲಿವೋಲ್ಟಿನ ಚೂರುಪಾರು ಬಂದರೆ ಅದು ಎಚ್ಚರಗೊಳ್ಳುವುದೇ ಇಲ್ಲ, ಮಂದ್ರ ಸ್ವರಗಳು ಅಲ್ಲೇ ಕಳೆದುಹೋಗುತ್ತವೆ. ಇಲ್ಲಿಗೆ ಬೇಕಾದದ್ದು ನಿಕಲ್ ಹೆಚ್ಚಿರುವ ಪರ್ಮಲಾಯ್ ಅಥವಾ ಮ್ಯೂ-ಮೆಟಲ್.

ಇನ್ನು ಗುಂಯ್ ಸದ್ದು. ಪ್ಲೇಟು ಕೊರೆಯುವಾಗ ಮಂದ್ರವನ್ನು ತಗ್ಗಿಸಿರುತ್ತಾರೆ, ಪ್ರೀಆಂಪ್ ಅದನ್ನು ಮತ್ತೆ ಎತ್ತುತ್ತದೆ. 1954ರ ಆರ್‌ಐಎಎ ಕಟ್ಟಳೆ ಅದು. ನಮ್ಮ ಕರೆಂಟಿನ 50 ಹರ್ಟ್ಸ್ ಸರಿಯಾಗಿ ಆ ಎತ್ತುವ ಜಾಗದಲ್ಲಿ ಕೂತಿದೆ: 1,000 ಹರ್ಟ್ಸ್‌ನ ಸ್ವರಕ್ಕೆ ಹೋಲಿಸಿದರೆ ಏಳು ಪಟ್ಟು ಹೆಚ್ಚು ಏರುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತಲಿನ ಕಾಂತಕ್ಷೇತ್ರವನ್ನು ಹೀರಿಕೊಳ್ಳುವುದರಲ್ಲಿ ನಿಸ್ಸೀಮ. ಆದ್ದರಿಂದ ಸ್ಟೆಬಿಲೈಸರ್, ಇನ್ವರ್ಟರ್, ಆಂಪ್ಲಿಫೈಯರ್‌ಗಳಿಂದ ಅದನ್ನು ದೂರ ಇಡಿ. ಪ್ಲೇಟು ಹಾಕದೆ ವಾಲ್ಯೂಮ್ ಏರಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸುತ್ತ ಹೋಗಿ. ಯಾವುದೋ ಒಂದು ಕೋನದಲ್ಲಿ ಗುಂಯ್ ಸದ್ದು ಅಡಗುತ್ತದೆ, ಅಲ್ಲೇ ಬಿಡಿ. ಟೋನ್‌ಆರ್ಮ್‌ನ ನೆಲದ ತಂತಿ ಟ್ರಾನ್ಸ್‌ಫಾರ್ಮರಿಗೆ, ಅಲ್ಲಿಂದ ಪ್ರೀಆಂಪ್‌ಗೆ ಹೋಗಲಿ. ಇದ್ದಲು, ಉಪ್ಪು ತುಂಬಿದ ಹಿತ್ತಲಿನ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿಸಿ. ಮಳೆಗಾಲದಲ್ಲಿ ಸದ್ದಿಲ್ಲದ ಸೆಟ್ಟು ಏಪ್ರಿಲ್‌ನಲ್ಲಿ ಗೊಣಗಲು ಶುರುಮಾಡುವುದು ಕೆಲವೊಮ್ಮೆ ಒಣಗಿದ ಆ ಗುಂಡಿಯಿಂದ. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುತ್ತಿದ್ದರೆ ಮಾತ್ರ ಏನು ಮಾಡಿದರೂ ಪ್ರಯೋಜನವಿಲ್ಲ. ಕರೆಂಟು ಬರಲಿ, ಕಾಯಿರಿ.

ಟ್ರಾನ್ಸ್‌ಫಾರ್ಮರಿನಿಂದ ಪ್ರೀಆಂಪ್‌ಗೆ ಹೋಗುವ ಕೇಬಲ್ ಗಿಡ್ಡವಿರಲಿ. ಅದರ 100 ಪಿಕೊಫ್ಯಾರಡ್ ಇಪ್ಪತ್ತು ಪಟ್ಟಿನ ಪೆಟ್ಟಿಗೆಯ ಆಚೆ, ಕಾರ್ಟ್ರಿಡ್ಜ್ ಬದಿಗೆ 40,000ದಂತೆ ಕಾಣುತ್ತದೆ, ತಾರ ಸ್ವರಗಳಲ್ಲಿ ಕಿರಿಕಿರಿ ಹುಟ್ಟಿಸುತ್ತದೆ. ಮುಂದೆಂದಾದರೂ ಎಂಸಿ ಕಿಂಡಿಯೂ ಇರುವ ಪ್ರೀಆಂಪ್ ಕೊಂಡರೂ ಟ್ರಾನ್ಸ್‌ಫಾರ್ಮರನ್ನು ಎಂಎಂ ಕಿಂಡಿಗೇ ಚುಚ್ಚಿ. ಎಂಸಿ ಕಿಂಡಿ 100 ಓಮ್‌ನದಾದರೆ ಹತ್ತು ಪಟ್ಟಿನ ಮೂಲಕ ಕಾರ್ಟ್ರಿಡ್ಜ್‌ಗೆ ಕಾಣುವುದು 1 ಓಮ್, ಅದು ಹೆಚ್ಚುಕಡಿಮೆ ಶಾರ್ಟ್ ಮಾಡಿದ ಹಾಗೆ. ಮಲ್ಟಿಮೀಟರ್ ಹಿಡಿದು ವೈಂಡಿಂಗ್ ಅಳೆಯಲು ಹೋಗಬೇಡಿ. ಅದರ ಬ್ಯಾಟರಿಯ ಡಿಸಿ ಕರೆಂಟು ಕೋರ್ ಅನ್ನು ಕಾಂತವಾಗಿಸಿಬಿಡುತ್ತದೆ. ಕಾರ್ಟ್ರಿಡ್ಜ್‌ನ ಸುರುಳಿಯನ್ನಂತೂ ಮುಟ್ಟಲೇಬಾರದು.

ಪತ್ರದ ಕೊನೆಯಲ್ಲಿ ಅಜ್ಜನ ಕಾಲದ 78ರ ಪ್ಲೇಟುಗಳ ಮಾತೂ ಇದೆ. 'ಗಾಂಧಾರಿ' ಎಂಬ ಹೆಸರಿನಲ್ಲಿ ಎಚ್‌ಎಂವಿ ಹೊರತಂದ ಎಳೆಯ ಗಂಗೂಬಾಯಿ ಹಾನಗಲ್ಲರ ದನಿ ಅದರಲ್ಲಿದೆಯಂತೆ. ಅದರ ಮೇಲೆ ಡಿಎಲ್-103 ಇಳಿಸಬೇಡಿ. ಅದರ ಮುಳ್ಳಿನ ತುದಿ ಎಲ್‌ಪಿಯ ಸಣ್ಣ ಗೆರೆಗೆ ಮಾಡಿದ್ದು, 78ರ ಅಗಲ ಗೆರೆಯಲ್ಲಿ ತಳ ಕೆರೆಯುತ್ತ ಹೋಗುತ್ತದೆ. ಅದಕ್ಕೆ ನಾಲ್ಕು ಪಟ್ಟು ದಪ್ಪ ತುದಿಯ ಮುಳ್ಳಿನ ಬೇರೆ ಎಂಎಂ ಕಾರ್ಟ್ರಿಡ್ಜ್ ಕೊಳ್ಳಿ. ಟ್ರಾನ್ಸ್‌ಫಾರ್ಮರಿನ ಗೊಡವೆ ಅಲ್ಲಿ ಇಲ್ಲ.