ನಿಂತ ಕುದುರೆಯ ಸೊಬಗು

ಓಡುವ ಕುದುರೆಯನ್ನು ಯಾರಾದರೂ ಮೆಚ್ಚುತ್ತಾರೆ. ಪಳಗಿಸಿದವನ ಕೈಗುಣ ತಿಳಿಯಬೇಕಾದರೆ ಮಾತ್ರ ಅದು ಸುಮ್ಮನೆ ನಿಂತಾಗ ನೋಡಬೇಕು.

ಕುದುರೆ ಹುಟ್ಟಾ ಪುಕ್ಕಲು. ಅನುಮಾನ ಬಂದರೆ ಮೊದಲು ಓಟ, ಆಮೇಲೆ ಮಿಕ್ಕದ್ದು. ಮೂಗಿನ ನೇರಕ್ಕೂ ಬಾಲದ ಹಿಂದಕ್ಕೂ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಅದರ ಕಣ್ಣಿಗೆ ಬೀಳುತ್ತದೆ. ಎರಡು ಕಿವಿ ಎರಡು ದಿಕ್ಕಿಗೆ ತಿರುಗಬಲ್ಲವು. ಇಂಥ ಪ್ರಾಣಿ ಉಗಿಬಂಡಿಯ ಕಾಲದ ಬಂಗಾರಪೇಟೆ ಜಂಕ್ಷನ್ನಿನೆದುರು ಜಟಕಾಕ್ಕೆ ಕಟ್ಟಿಸಿಕೊಂಡು ನಿಂತಿರುವುದನ್ನು ಊಹಿಸಿಕೊಳ್ಳಿ. ಒಳಗೆ ಮದರಾಸಿನ ಗಾಡಿ ಉಗಿ ಕಾರುತ್ತಿದೆ, ಮಾರಿಕುಪ್ಪಂ ಕಡೆಯಿಂದ ಗಣಿಯ ಜನ ಬಂದಿಳಿಯುತ್ತಿದ್ದಾರೆ, ಕೋಲಾರದ ಕಿರುಹಳಿ ರೈಲು ಕೂಗು ಹಾಕುತ್ತದೆ. ಕುದುರೆಯ ಒಂದು ಕಿವಿ ಅತ್ತ ತಿರುಗಿ, ಮತ್ತೆ ಜಟಕಾ ಹೊಡೆಯುವ ಸಾಹೇಬರ ದನಿಗೆ ಮರಳುತ್ತದೆ. ಕಾಲು ಕದಲುವುದಿಲ್ಲ. ಮರಳಿ ಬಂದ ಆ ಕಿವಿಯಲ್ಲಿ ಎಷ್ಟೋ ತಿಂಗಳ ತಾಳ್ಮೆ ಇದೆ. ಬದುಕನ್ನು ಜಟಕಾಬಂಡಿಯಾಗಿ ಕಂಡ ಡಿವಿಜಿ ನಮ್ಮ ಮುಳಬಾಗಿಲಿನವರು ಎಂಬುದು ನನಗೆ ಇಂಥ ಕಡೆ ನೆನಪಾಗುತ್ತದೆ.

ಆ ತಾಳ್ಮೆಯ ಗುಟ್ಟು ಲಗಾಮನ್ನು ಎಳೆಯುವುದರಲ್ಲಿಲ್ಲ, ಸಡಿಲ ಬಿಡುವುದರಲ್ಲಿದೆ. ಬಾಯಿಯ ಮೇಲಿನ ಒತ್ತಡ ತಪ್ಪಿದ ಗಳಿಗೆಯಲ್ಲಿ ಕುದುರೆ ಕಲಿಯುತ್ತದೆ. ಅದು ಒಂದಿಷ್ಟು ಮಣಿದ ತಕ್ಷಣ ಕೈ ಹಗುರಾಗಬೇಕು. ತುಸು ತಡವಾದರೂ ಬೇರೆಯದೇ ಪಾಠವಾಗಿಬಿಡುತ್ತದೆ. ರೇಸಿನ ಮರಿಗಳನ್ನು ಪಳಗಿಸುವ ಕ್ರಮವೂ ಇದೇ ನಿಧಾನದ್ದು. ಮೊದಲು ಬರಿಯ ಹಗ್ಗ, ಆಮೇಲೆ ಬಾಯಿಗೆ ಕಡಿವಾಣ, ಹೊಟ್ಟೆಗೆ ಪಟ್ಟಿ. ಉದ್ದ ಲಗಾಮು ಹಿಡಿದು ಹಿಂದೆ ನಡೆಯುತ್ತ ತಿರುಗಿಸುವುದು. ಜೀನು ರೂಢಿಯಾದ ಮೇಲೆ ಹಗುರ ಮೈಯವನೊಬ್ಬ ಬೆನ್ನಿಗೆ ಅಡ್ಡಲಾಗಿ ಒರಗುತ್ತಾನೆ, ಇಳಿಯುತ್ತಾನೆ, ಮತ್ತೆ ಒರಗುತ್ತಾನೆ. ಕಾಲು ಹಾಕಿ ಕೂರುವ ದಿನ ಕುದುರೆಗೆ ಅದು ಹೊಸದೆನಿಸಬಾರದು. ಬಲವಂತದಿಂದ ಮಾಡಿಸಿದ್ದರಲ್ಲಿ ಚೆಲುವಿರುವುದಿಲ್ಲವೆಂದು ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟ. ಅವನೂ ಸವಾರನೇ.

ನಮ್ಮ ಮಣ್ಣಿಗೂ ಕುದುರೆಗೂ ಹಳೆಯ ನಂಟು. ಹೈದರ್ ಅಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಓದುಬರಹ ಕಲಿಯದ ಆತ ಕುದುರೆಯ ಬೆನ್ನ ಮೇಲೆ ರಾಜ್ಯ ಕಟ್ಟಿದ. ಅವನ ಮತ್ತು ಟಿಪ್ಪುವಿನ ಚರಿತ್ರೆಯನ್ನು 1893ರಲ್ಲಿ ಪುಸ್ತಕವಾಗಿ ತಂದ ಲೂಯಿನ್ ಬೌರಿಂಗ್‌ನ ಹೆಸರೇ ಆಗ ಬಂಗಾರಪೇಟೆಗಿತ್ತು, ಬೌರಿಂಗ್‌ಪೇಟೆ ಎಂದು. ಟಿಪ್ಪುವಿನ ಕಾಲದ ಕುಣಿಗಲ್ ಕುದುರೆ ಫಾರ್ಮ್ ಮುಂದೆ ರೇಸಿನ ಕುದುರೆಗಳ ತವರಾಯಿತು.

ಬೆಂಗಳೂರಿನಲ್ಲಿ ರೇಸಿನ ಕುದುರೆ ಪಳಗಿಸುವ ವಿದ್ಯೆಯ ದೊಡ್ಡ ಹೆಸರು ರಶೀದ್ ಬೈರಾಮ್‌ಜಿ. ಇಂಡಿಯನ್ ಡರ್ಬಿಯನ್ನು 12 ಸಲ ಗೆದ್ದ ತರಬೇತುದಾರರು. ಅವರ ಲಾಯದ ಸ್ಕ್ವಾಂಡರರ್ 19 ಓಟಗಳಲ್ಲಿ 18 ಗೆದ್ದಿತು. ಗೆಲುವಿನ ಪಟ್ಟಿಗಿಂತ ಅದರ ಹಿಂದಿರುವ ದಿನಚರಿ ನನ್ನನ್ನು ಹೆಚ್ಚು ಸೆಳೆಯುತ್ತದೆ: ಬೆಳಕು ಹರಿಯುವ ಮೊದಲೇ ಲಾಯಕ್ಕೆ ಬಂದು, ರಾತ್ರಿಯ ಮೇವು ಉಳಿಯಿತೇ ನೋಡಿ, ಕಾಲುಗಳ ಮೇಲೆ ಅಂಗೈಯಾಡಿಸಿ ಬಿಸಿ ಇದೆಯೇ ಎಂದು ತಿಳಿಯುವುದು, ಆಮೇಲೆ ಇಂದು ನಾಗಾಲೋಟವೋ ಬರಿಯ ನಡಿಗೆಯೋ ಎಂದು ತೀರ್ಮಾನಿಸುವುದು. ಒಳ್ಳೆಯ ತರಬೇತುದಾರನ ಅರ್ಧ ಕೆಲಸ ಕುದುರೆಯನ್ನು ಓಡಿಸದೆ ತಡೆಯುವುದು. ಮೈದಾನಕ್ಕೆ ಹೋದವರು ಬೆಟ್ಟಿಂಗ್ ಮರೆತು, ಓಟಕ್ಕೆ ಮುನ್ನ ಕುದುರೆಗಳನ್ನು ನಡೆಸುವ ಪ್ಯಾಡಕ್‌ನ ಬೇಲಿಯ ಹತ್ತಿರ ನಿಲ್ಲಲಿ. ಕುದುರೆ ನೋಡಿಕೊಳ್ಳುವ ಸೈಸ್‌ನ ಪಕ್ಕದಲ್ಲಿ ತಲೆ ತಗ್ಗಿಸಿ, ಬೆವರದೆ, ಹಿಂಗಾಲು ಚಾಚಿ ನಡೆಯುವ ಕುದುರೆಯಷ್ಟು ಸೊಗಸಾದದ್ದು ಅಲ್ಲಿ ಇನ್ನೊಂದಿಲ್ಲ.

ಇದೇ ಕಲೆಗೆ ನೇರವಾಗಿ ಅಂಕ ಕೊಡುವ ಸ್ಪರ್ಧೆ ಡ್ರೆಸಾಜ್. ಸವಾರ ಅಂಗಳದ ನಡುಗೆರೆಯಲ್ಲಿ ಕುದುರೆಯನ್ನು ನಿಲ್ಲಿಸಿ ವಂದಿಸಬೇಕು. ನಾಲ್ಕು ಕಾಲೂ ಚೌಕವಾಗಿ ಊರಿರಬೇಕು. ಬೆಂಗಳೂರಿನ ಫವಾದ್ ಮಿರ್ಜಾ ಜರ್ಮನಿಯಲ್ಲಿ ತರಬೇತಿ ಪಡೆದು, ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ 2018ರ ಏಷ್ಯನ್ ಗೇಮ್ಸ್‌ನ ಈವೆಂಟಿಂಗ್‌ನಲ್ಲಿ, ಅಂದರೆ ಡ್ರೆಸಾಜ್‌ನಿಂದ ಶುರುವಾಗುವ ಮೂರು ಹಂತದ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. ಅದೇ ಕುದುರೆಯೇರಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಟ್ಟಾರೆ 23ನೆಯವರಾದರು. ಡ್ರೆಸಾಜ್ ಮುಗಿದಾಗ ಮಾತ್ರ ಅವರು 9ನೇ ಸ್ಥಾನದಲ್ಲಿದ್ದರು. ಆ 9 ನನಗೆ ಬೆಳ್ಳಿಯಷ್ಟೇ ಪ್ರಿಯ.