ಪದದಿಂದ ಕೋಣೆಗೆ: ಒಳಾಂಗಣ ವಿನ್ಯಾಸದ ಕಲಿಕೆಯಲ್ಲಿ ಕಾನ್ಸೆಪ್ಟ್

ಒಳಾಂಗಣ ವಿನ್ಯಾಸದ ಸ್ಟುಡಿಯೊದಲ್ಲಿ ಮನೆಯೊಂದರ ಕೆಲಸ ಬಹುಮಟ್ಟಿಗೆ ಒಂದು ಪದದಿಂದ ಶುರುವಾಗುತ್ತದೆ. ‘ಮೌನ’, ‘ಹರಿವು’, ‘ನೆನಪು’, ‘ಸಮತೋಲ’, ‘ಹೊಸ್ತಿಲು’ ಇಂಥದೊಂದನ್ನು ವಿದ್ಯಾರ್ಥಿ ಆರಿಸಿಕೊಂಡು, ಕೆಲವೇ ವಾರಗಳಲ್ಲಿ ಅದನ್ನು ಜನ ಉಂಡು, ಮಲಗಿ, ಬಾಳಬಹುದಾದ ಜಾಗವಾಗಿ ಮಾಡಿ ತೋರಿಸಬೇಕು. ಈ ಆರಂಭದ ವಿಚಾರಕ್ಕೆ ಸ್ಟುಡಿಯೊದ ಮಾತಿನಲ್ಲಿ ಕಾನ್ಸೆಪ್ಟ್ ಎಂದು ಹೆಸರು. ಪದದ ಸುತ್ತ ಹೊಳೆದದ್ದನ್ನೆಲ್ಲ ಬಿಡಿಸಿ ಬರೆಯುವುದು ಮೊದಲ ಹೆಜ್ಜೆ. ಬಣ್ಣ, ಬಟ್ಟೆ, ಚಿತ್ರಗಳ ತುಣುಕುಗಳನ್ನು ಅಂಟಿಸಿದ ಮೂಡ್ ಬೋರ್ಡ್ ಎರಡನೆಯದು. ಯಾವ ಕೋಣೆಗೆ ಯಾವುದು ಹತ್ತಿರವಿರಬೇಕೆಂದು ತೋರಿಸುವ ಬಬಲ್ ಡಯಾಗ್ರಾಂ ಆಮೇಲೆ ಬರುತ್ತದೆ. ಅನಂತರ ಪ್ಲಾನ್, ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಸೆಕ್ಷನ್, ಮಾಡೆಲ್. ಕೊನೆಗೆ ಹೊರಗಿನ ಪರೀಕ್ಷಕರ ಮುಂದೆ ಜ್ಯೂರಿ. ದೇಶದ ಬಹುತೇಕ ವಿನ್ಯಾಸ ಕಾಲೇಜುಗಳಲ್ಲಿ ಈ ಕ್ರಮ ಹೆಚ್ಚುಕಡಿಮೆ ಹೀಗೆಯೇ ಇದೆ. ಅದರ ಗುಣದೋಷಗಳನ್ನು ತೂಗಬೇಕಾದರೆ ಅದು ಎಲ್ಲಿಂದ ಬಂತು, ಕಟ್ಟಿದ ಮನೆಗಳಲ್ಲಿ ಏನಾಯಿತು ಎಂಬುದನ್ನು ನೋಡಬೇಕಾಗುತ್ತದೆ.

ಪದ್ಧತಿಯ ಒಂದು ಮುಖ್ಯ ಬೇರು ಜರ್ಮನಿಯ ಬೌಹೌಸ್ ಶಾಲೆಯಲ್ಲಿದೆ. ವಾಲ್ಟರ್ ಗ್ರೋಪಿಯಸ್ 1919ರಲ್ಲಿ ವೈಮಾರ್ ಪಟ್ಟಣದಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿ ಯೋಹಾನೆಸ್ ಇಟ್ಟೆನ್ ನಡೆಸಿದ ಪೂರ್ವಭಾವಿ ತರಗತಿಯಲ್ಲಿ ವಿದ್ಯಾರ್ಥಿಗಳು ಒರಟು–ನುಣುಪು, ಕತ್ತಲೆ–ಬೆಳಕು, ಗಟ್ಟಿ–ಮೆದು ಎಂಬ ವೈರುಧ್ಯಗಳನ್ನು ನಿಜವಾದ ವಸ್ತುಗಳಲ್ಲಿ ಜೋಡಿಸಿ ತೋರಿಸಬೇಕಿತ್ತು. ಇಟ್ಟೆನ್ 1923ರಲ್ಲಿ ಹೊರಟುಹೋದ ಮೇಲೆ ಆ ತರಗತಿಯನ್ನು ವಹಿಸಿಕೊಂಡ ಮೊಹೊಲಿ-ನಾಗ್ಯ್ ಬೆರಳಿಂದ ಮುಟ್ಟಿ ಓದುವ ಹಲಗೆಗಳನ್ನು ಮಾಡಿಸಿದರು. ಯೋಸೆಫ್ ಆಲ್ಬರ್ಸ್ ಬರೀ ಕಾಗದ ಕೊಟ್ಟು, ಚೂರೂ ದಂಡವಾಗದಂತೆ ಅದರ ಗುಣದಿಂದಲೇ ಒಂದು ರಚನೆ ಹುಟ್ಟಿಸಿ ಎನ್ನುತ್ತಿದ್ದರು. ಇಲ್ಲಿ ಅಮೂರ್ತವಾದದ್ದು ಪಾಠದ ಹೆಸರು ಮಾತ್ರ; ಕೈಯಲ್ಲಿದ್ದದ್ದು ಮರ, ಗಾಜು, ಕಾಗದ. ‘ವೈರುಧ್ಯ’ ಎಂಬುದು ಅಂಗೈಗೆ ತಗುಲಿದ ಮೇಲೆಯೇ ಅದಕ್ಕೆ ಅರ್ಥ ಬರುತ್ತಿತ್ತು. ಇಂದಿನ ಸ್ಟುಡಿಯೊಗಳು ಪದವನ್ನು ಉಳಿಸಿಕೊಂಡವು. ವಸ್ತುವಿನ ಜಾಗಕ್ಕೆ ಅನೇಕ ಕಡೆ ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ ಬಂದು ಕೂತಿದೆ.

ಭಾರತದಲ್ಲಿ ವಿನ್ಯಾಸ ಶಿಕ್ಷಣಕ್ಕೆ ದಾರಿ ತೆರೆದ ವರದಿಯೂ ಪದ ಮುಖ್ಯವೋ ವಸ್ತು ಮುಖ್ಯವೋ ಎಂಬ ಈ ಪ್ರಶ್ನೆಯನ್ನು ಮುಟ್ಟುತ್ತದೆ. ಭಾರತ ಸರ್ಕಾರದ ಕೋರಿಕೆಯ ಮೇರೆಗೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಅದನ್ನು ಸಿದ್ಧಪಡಿಸಿದರು; 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ತಾವು ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿದ್ದು ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ ಹೊಂದಬೇಕು, ತಲೆಯ ಮೇಲೋ ಸೊಂಟದ ಮೇಲೋ ಹೇಗೆ ಒಯ್ಯುತ್ತಾರೆ, ತುಂಬಿದಾಗಲೂ ಬರಿದಾದಾಗಲೂ ತೂಕ ಎಲ್ಲಿ ನಿಲ್ಲುತ್ತದೆ, ಬಗ್ಗಿಸಿದರೆ ಹೇಗೆ ಸುರಿಯುತ್ತದೆ, ಹೇಗೆ ಬೆಳಗುತ್ತಾರೆ ಎಂದು ಅವರು ಪ್ರಶ್ನೆಗಳ ಸರಮಾಲೆಯನ್ನೇ ಕಟ್ಟಿದರು. ಚೊಂಬಿನ ಹಿಂದೆ ಒಂದು ದೊಡ್ಡ ವಿಚಾರ ಇರಬಹುದು. ಆದರೆ ತಲೆಮಾರುಗಳ ಕೈಗಳು ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಂದದ್ದರಿಂದ ಅದಕ್ಕೆ ಆ ಆಕಾರ ಬಂತು.

ಹಾಗಾದರೆ ಪದ ಬೇಕೇ ಎಂಬ ಸಂದೇಹ ಬರುತ್ತದೆ. ಬೇಕು ಎನ್ನುವುದಕ್ಕೆ ಒಳ್ಳೆಯ ಆಧಾರವಿದೆ. ಲಂಡನ್ನಿನಲ್ಲಿ ಸಾರ್ವಜನಿಕ ವಸತಿಗಳನ್ನು ರೂಪಿಸಿದ ವಾಸ್ತುಶಿಲ್ಪಿಗಳನ್ನು ಮಾತಾಡಿಸಿ ಜೇನ್ ಡಾರ್ಕ್ 1979ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ವಾಸ್ತುಶಿಲ್ಪಿಗಳು ಅಗತ್ಯಗಳ ಪಟ್ಟಿಯನ್ನೆಲ್ಲ ವಿಶ್ಲೇಷಿಸಿದ ಮೇಲೆ ಪರಿಹಾರಕ್ಕೆ ಬಂದವರಲ್ಲ. ಆರಂಭದಲ್ಲೇ ಒಂದು ಸರಳ ವಿಚಾರವನ್ನು ಹಿಡಿದು, ಅದರ ಬೆಳಕಿನಲ್ಲಿ ಅಗತ್ಯಗಳನ್ನು ಅರಿತುಕೊಂಡವರು. ಇಂಥ ವಿಚಾರವನ್ನು ಡಾರ್ಕ್ ‘ಮೂಲ ಪ್ರೇರಕ’ ಎಂಬರ್ಥದ ಹೆಸರಿನಿಂದ ಕರೆದರು. ಒಂದು ಕೋಣೆಗೆ ಸಾಧ್ಯವಿರುವ ವಿನ್ಯಾಸಗಳಿಗೆ ಲೆಕ್ಕವಿಲ್ಲ; ಪದ ಆ ಗೊಂದಲವನ್ನು ಕಿರಿದಾಗಿಸುತ್ತದೆ. ಡೊನಾಲ್ಡ್ ಶಾನ್ 1983ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಸ್ಟುಡಿಯೊ ಪ್ರಸಂಗದಲ್ಲಿ ಪೆಟ್ರಾ ಎಂಬ ಹೆಸರಿನ ವಿದ್ಯಾರ್ಥಿನಿ ಇಳಿಜಾರು ನೆಲದಲ್ಲಿ ಶಾಲೆಯೊಂದನ್ನು ಕೂರಿಸಲಾಗದೆ ಒದ್ದಾಡುತ್ತಾಳೆ. ನೆಲಕ್ಕೆ ಮೊದಲು ಒಂದು ಶಿಸ್ತನ್ನು ಹೇರು, ಬೇಕಾದರೆ ಆಮೇಲೆ ಮುರಿಯಬಹುದು ಎನ್ನುತ್ತಾರೆ ಅಧ್ಯಾಪಕರು. ಈ ಸಲಹೆಯ ಎರಡನೆಯ ಅರ್ಧದಲ್ಲೇ ಪದ್ಧತಿಯ ಆರೋಗ್ಯವಿದೆ. ಗೆರೆ ಎಳೆದ ಮೇಲೆ ನೆಲ ಏನೆನ್ನುತ್ತದೆ ಎಂದು ಕೇಳಿಸಿಕೊಂಡು ವಿಚಾರವನ್ನು ತಿದ್ದಿಕೊಳ್ಳಲು ಬಾರದ ವಿದ್ಯಾರ್ಥಿಗೆ ಕಾನ್ಸೆಪ್ಟ್ ಕಾಲಿಗೆ ಕಟ್ಟಿದ ಕಲ್ಲಾಗುತ್ತದೆ.

ಅಮೂರ್ತ ವಿಚಾರ ಮನೆಯಾಗಿ ಗೆದ್ದದ್ದಕ್ಕೆ ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ರೀಟ್ವೆಲ್ಡ್ ಶ್ರೋಡರ್ ಮನೆ ಒಳ್ಳೆಯ ಉದಾಹರಣೆ. 1917ರಲ್ಲಿ ಥಿಯೊ ವಾನ್ ಡೂಸ್‌ಬರ್ಗ್ ಆರಂಭಿಸಿದ ‘ಡಿ ಸ್ಟೈಲ್’ ಪತ್ರಿಕೆಯ ಬಳಗ ಕಲೆಯನ್ನು ಅಡ್ಡಗೆರೆ, ಉದ್ದಗೆರೆ, ಮೂರು ಮೂಲವರ್ಣಗಳು ಮತ್ತು ಬಿಳಿ–ಕಪ್ಪು–ಬೂದುಗಳಿಗೆ ಇಳಿಸಿತ್ತು. ಕ್ಯಾನ್ವಾಸಿನ ಮೇಲಿನ ಈ ಗಣಿತ ಮನೆಯಾಗುವುದು ಸುಲಭವಿರಲಿಲ್ಲ. ಅದನ್ನು ಮನೆ ಮಾಡಿದವರಲ್ಲಿ ಒಬ್ಬರು ತಂದೆಯ ಬಡಗಿಶಾಲೆಯಲ್ಲಿ ಬೆಳೆದ ಗೆರಿಟ್ ರೀಟ್ವೆಲ್ಡ್, ಇನ್ನೊಬ್ಬರು ಮೂರು ಮಕ್ಕಳ ತಾಯಿಯಾಗಿದ್ದ ವಿಧವೆ ಟ್ರೂಸ್ ಶ್ರೋಡರ್. 1924ರ ಈ ಮನೆಯ ಮೇಲಂತಸ್ತಿನಲ್ಲಿ ಜಾರುವ, ಮಡಚುವ ಹಲಗೆಗಳಿವೆ. ಹಗಲು ಅವನ್ನು ಸರಿಸಿದರೆ ಇಡೀ ಅಂತಸ್ತು ಒಂದೇ ಹಜಾರ; ರಾತ್ರಿ ಎಳೆದರೆ ಬೇರೆ ಬೇರೆ ಮಲಗುವ ಕೋಣೆಗಳು. ಊಟದ ಮೂಲೆಯ ಕಿಟಕಿಗಳನ್ನು ತೆರೆದರೆ ಗೋಡೆಯ ಮೂಲೆಯೇ ಮಾಯವಾಗುತ್ತದೆ. ಕಟ್ಟಡ ನಿಯಮಗಳು ಅಡ್ಡ ಬಂದಾಗ ಕೆಳಗೆ ವಾಡಿಕೆಯ ಗೋಡೆಗಳನ್ನಿಟ್ಟು, ಮೇಲಂತಸ್ತನ್ನು ಅರ್ಜಿಯಲ್ಲಿ ‘ಅಟ್ಟ’ ಎಂದು ತೋರಿಸಿದರು.

ಇಲ್ಲಿ ಗೆದ್ದದ್ದು ಬಣ್ಣವಲ್ಲ. ಮಕ್ಕಳ ಜೊತೆಗೇ ಬದುಕಬೇಕು, ಬಾಳು ಬಾಗಿಲು ಹಾಕಿಕೊಂಡ ಕೋಣೆಗಳಲ್ಲಿ ಹಂಚಿಹೋಗಬಾರದು ಎಂಬುದು ಶ್ರೋಡರ್ ಅವರ ಬಯಕೆ. ಜಾಗ ಹರಿಯಬೇಕು ಎಂಬುದು ಡಿ ಸ್ಟೈಲ್ ಬಳಗದ ವಿಚಾರ. ಎರಡೂ ಆ ಜಾರುವ ಹಲಗೆಯಲ್ಲಿ ಕೂಡಿಕೊಂಡವು. ಕೆಳಗಿನ ಅಡುಗೆಮನೆಯಿಂದ ಮೇಲಕ್ಕೆ ಊಟ ಏರಿಸುವ ಪುಟ್ಟ ಲಿಫ್ಟು, ಬಾಗಿಲಲ್ಲಿ ನಿಂತವರೊಡನೆ ಮಾತಾಡಲು ಕೊಳವೆ, ಇಂಥ ಸಣ್ಣ ಅನುಕೂಲಗಳೂ ವಿಚಾರದ ಭಾಗವಾದವು. ಕುಂದುಗಳೂ ಇವೆ. ತೆಳುವಾದ ಹಲಗೆ ಕಣ್ಣನ್ನು ತಡೆದೀತು, ಮಾತನ್ನು ತಡೆಯಲಾರದು. ದಿನವೂ ಸರಿಸಿ ಎಳೆಯುವುದು ಒಂದು ಕೆಲಸವೇ. ಆದರೂ ಶ್ರೋಡರ್ 1985ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಬಾಳಿದರು. 2000ದಲ್ಲಿ ಮನೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆರು ದಶಕದ ವಾಸ ಆ ಮನ್ನಣೆಗಿಂತ ದೊಡ್ಡ ಪ್ರಮಾಣಪತ್ರ.

ತದ್ವಿರುದ್ಧದ ಉದಾಹರಣೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕಾರ್ನ್‌ವಾಲ್ ಊರಿನಲ್ಲಿದೆ. ಪೀಟರ್ ಐಸೆನ್‌ಮನ್ ಅವರ ‘ಹೌಸ್ ಸಿಕ್ಸ್’ 1975ರಲ್ಲಿ ಪೂರ್ಣಗೊಂಡ ವಾರಾಂತ್ಯದ ಮನೆ. ಚೌಕಳಿಯೊಂದನ್ನು ನಿಯಮಬದ್ಧವಾಗಿ ಕತ್ತರಿಸುತ್ತ, ಸರಿಸುತ್ತ ಹೋಗುವ ಪ್ರಕ್ರಿಯೆಯೇ ಅದರ ಕಾನ್ಸೆಪ್ಟ್. ಬಳಕೆ ಆ ಪ್ರಕ್ರಿಯೆಯಲ್ಲಿ ಬಾಯಿ ಹಾಕುವಂತಿಲ್ಲ. ಹತ್ತಲು ಹಸಿರು ಮೆಟ್ಟಿಲಿದೆ, ಅದಕ್ಕೆ ಜೋಡಿಯಾಗಿ ಯಾರೂ ಹತ್ತಲಾಗದ ತಲೆಕೆಳಗಾದ ಕೆಂಪು ಮೆಟ್ಟಿಲಿದೆ. ಊಟದ ಜಾಗದಲ್ಲಿ ಕೂತವರ ನಡುವೆ ಒಂದು ಕಂಬ ಬರುತ್ತದೆ. ಮಲಗುವ ಕೋಣೆಯ ನೆಲದ ನಡುವೆ ಹಾಯುವ ಗಾಜಿನ ಸೀಳಿನಿಂದಾಗಿ ದಂಪತಿಗೆ ಒಂದೇ ಮಂಚ ಹಾಕಲಾಗಲಿಲ್ಲ. ಎರಡು ಬೇರೆ ಮಂಚಗಳು ಬಂದವು. ಮಳೆ ಸೋರಿತು, 1980ರ ದಶಕದ ಕೊನೆಯಲ್ಲಿ ದೊಡ್ಡ ಪ್ರಮಾಣದ ದುರಸ್ತಿ ಬೇಕಾಯಿತು. ಮನೆಯೊಡತಿ ಸುಜಾನ್ ಫ್ರಾಂಕ್ 1994ರಲ್ಲಿ ಈ ಅನುಭವವನ್ನು ಪುಸ್ತಕವಾಗಿಸಿದರು. ಅದರಲ್ಲಿ ಬೇಸರದ ಜೊತೆಗೆ ಆ ಮನೆಯ ಬಗ್ಗೆ ಅಕ್ಕರೆಯೂ ಇದೆ. ಬೆಳಕು, ನೋಟಗಳಲ್ಲಿ ಅದು ಕೊಟ್ಟ ಅಚ್ಚರಿ ಸುಳ್ಳಲ್ಲ. ಹಾಗಾಗಿ ಇದನ್ನು ಬರಿಯ ಸೋಲು ಎನ್ನಲಾಗದು. ಕಾನ್ಸೆಪ್ಟ್ ಎಷ್ಟು ಪರಿಶುದ್ಧವಾಗಿ ಉಳಿಯಿತೋ ಅದರ ಬೆಲೆಯನ್ನು ವಾಸಿಸುವವರು ಅಷ್ಟೇ ತೆರಬೇಕಾಯಿತು. ವಿದ್ಯಾರ್ಥಿ ಇಲ್ಲಿಂದ ಕಲಿಯಬೇಕಾದದ್ದು ಈ ಲೆಕ್ಕವನ್ನು.

ಹವೆಯೇ ವಿಚಾರವಾದ ಒಂದು ಮನೆ ಭಾರತದಲ್ಲಿತ್ತು. ಗುಜರಾತ್ ಗೃಹ ಮಂಡಳಿಯ ಸ್ಪರ್ಧೆಯಲ್ಲಿ ಬಹುಮಾನ ಪಡೆದು, 1960ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿ ಚಾರ್ಲ್ಸ್ ಕೊರಿಯಾ ಕಟ್ಟಿದ ‘ಟ್ಯೂಬ್ ಹೌಸ್’ ಅದು. ಬಿಸಿಗಾಳಿ ಮೇಲೇರುತ್ತದೆ ಎಂಬ ತತ್ವವೇ ಅದರ ಸೆಕ್ಷನ್ ಆಯಿತು. ಇಳಿಜಾರು ಚಾವಣಿಯ ಒಳಮೈ ಹಿಡಿದು ಏರಿದ ಗಾಳಿ ತುದಿಯ ಕಂಡಿಯಿಂದ ಹೊರಬೀಳುತ್ತಿತ್ತು. ತಂಪು ಗಾಳಿ ಕೆಳಗಿನಿಂದ ಒಳಗೆ ಬರುತ್ತಿತ್ತು. ಗಾಳಿಗೆ ಅಡ್ಡ ಬರಬಾರದೆಂದು ಒಳಬಾಗಿಲುಗಳನ್ನು ಕಡಿಮೆ ಮಾಡಿ, ನೆಲದ ಮಟ್ಟಗಳ ಏರಿಳಿತದಿಂದಲೇ ಮರೆಯನ್ನು ಸಾಧಿಸಲಾಯಿತು. ಹೆಸರು ತೆಗೆದರೂ ಇಲ್ಲಿ ವಿಚಾರ ಮಾಯವಾಗುವುದಿಲ್ಲ. ಮೈಗೆ ತಾಗುವ ಗಾಳಿಯಾಗಿ ಉಳಿಯುತ್ತದೆ.

ಈ ಮನೆಗಳ ಪಕ್ಕದಲ್ಲಿಟ್ಟು ನೋಡಿದರೆ ವಿದ್ಯಾರ್ಥಿ ಕೆಲಸಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಸ್ಪಷ್ಟವಾಗುತ್ತದೆ. ‘ಹರಿವು’ ಎಂದರೆ ಅಲೆಯಾಕಾರದ ಫಾಲ್ಸ್ ಸೀಲಿಂಗ್, ‘ಪ್ರಕೃತಿ’ ಎಂದರೆ ಹಸಿರು ಲ್ಯಾಮಿನೇಟ್, ‘ಮೌನ’ ಎಂದರೆ ಬಿಳಿ ಬಣ್ಣ ಎಂದು ಪದವನ್ನು ನೇರ ಚಿತ್ರವಾಗಿಸುವ ಚಾಳಿ ಇದು. ಮೌನವೆಂಬುದು ಮೊದಲಿಗೆ ಕಿವಿಯ ವಿಷಯ. ಗಟ್ಟಿ ನೆಲ, ಬರಿ ಗೋಡೆಗಳ ಬಿಳಿ ಕೋಣೆಯಲ್ಲಿ ಸದ್ದು ಪ್ರತಿಧ್ವನಿಸಿ ಗದ್ದಲವೇ ಹೆಚ್ಚುತ್ತದೆ; ಪರದೆ, ಜಮಖಾನೆ, ಪುಸ್ತಕ ತುಂಬಿದ ಕಪಾಟು ಅದನ್ನು ಹೀರುತ್ತವೆ. ಇನ್ನೊಂದು ದೋಷ ಒಳಾಂಗಣಕ್ಕೇ ವಿಶೇಷವಾದದ್ದು. ಒಳಾಂಗಣ ವಿನ್ಯಾಸಕರಿಗೆ ಸಿಗುವುದು ಬಹುಮಟ್ಟಿಗೆ ಆಗಲೇ ಕಟ್ಟಿದ ಚೌಕಟ್ಟು. ತೊಲೆ, ಕಂಬ, ನೀರು ಮತ್ತು ಚರಂಡಿಯ ಕೊಳವೆಗಳು ಹೋಗುವ ಡಕ್ಟ್ ಇವನ್ನು ಕದಲಿಸಲು ಬರುವುದಿಲ್ಲ. ಖಾಲಿ ಹಾಳೆಯ ಮೇಲೆ ಹುಟ್ಟಿದ ಕಾನ್ಸೆಪ್ಟ್ ಇಂಥ ಮೊದಲ ತೊಲೆಗೇ ತಲೆ ಹೊಡೆದುಕೊಳ್ಳುತ್ತದೆ.

ಪದವೊಂದು ಸರಿಯಾಗಿ ಇಳಿದರೆ ಹೇಗಿರುತ್ತದೆ ಎಂಬುದಕ್ಕೆ ‘ಹೊಸ್ತಿಲು’ ಒಳ್ಳೆಯ ನಿದರ್ಶನ. ಹಳೆಯ ತೊಟ್ಟಿ ಮನೆಯಲ್ಲಿ ಬೀದಿಯಿಂದ ಒಳಗೆ ಬರುವುದು ಹಲವು ಹಂತದ ಕೆಲಸ. ದಾರಿಹೋಕರೂ ಕೂರಬಹುದಾದ ಜಗಲಿ, ಗುರುತಿನವರಿಗೆ ಪಡಸಾಲೆ, ಮನೆಯವರಿಗೆ ನಡುಮನೆ. ಅದರಾಚೆ ಅಡುಗೆಮನೆ, ದೇವರಕೋಣೆ. ಯಾರು ಎಲ್ಲಿಯವರೆಗೆ ಬರಬಹುದೆಂಬ ಈ ಏರ್ಪಾಟಿನಲ್ಲಿ ಜಾತಿ ಮತ್ತು ಹೆಣ್ಣುಗಂಡಿನ ಕಟ್ಟಳೆಗಳೂ ಸೇರಿದ್ದವು; ಅದನ್ನು ಮರೆತು ಬರೀ ಹಳೆಯ ಸೊಬಗೆಂದು ನಕಲು ಮಾಡುವುದು ಅರೆಬರೆ ಓದು. ಬೆಂಗಳೂರಿನ ಎರಡು ಮಲಗುವ ಕೋಣೆಗಳ ಫ್ಲ್ಯಾಟಿನಲ್ಲಿ ಬಾಗಿಲು ತೆರೆದರೆ ನೇರ ಹಾಲ್, ಸೋಫಾ, ಟಿವಿ. ಇಲ್ಲಿ ‘ಹೊಸ್ತಿಲು’ ಎಂದು ಬಾಗಿಲಿಗೆ ಕೆತ್ತನೆಯ ಚೌಕಟ್ಟು ಕೂರಿಸುವುದು ಸುಲಭದ ದಾರಿ. ಚಪ್ಪಲಿ ಎಲ್ಲಿ ಬಿಡುವುದು, ವಯಸ್ಸಾದವರು ಕೂತು ಬಿಚ್ಚಲು ಏನಿದೆ, ಪಾರ್ಸೆಲ್ ತಂದವರಿಗೆ ಅಡುಗೆಮನೆ ಕಾಣಬೇಕೇ, ಮಳೆಯಲ್ಲಿ ನೆನೆದ ಕೊಡೆಯ ನೀರು ಎಲ್ಲಿ ಹೋಗುತ್ತದೆ ಎಂದು ಕೇಳುವುದು ಕಷ್ಟದ ದಾರಿ. ಒಂದು ಗಿಡ್ಡ ಕಟ್ಟೆ, ಅರೆಮರೆಯ ಕಪಾಟು, ನೆಲದ ಕಲ್ಲಿನಲ್ಲೊಂದು ಬದಲಾವಣೆ, ತುಸು ತಗ್ಗಿದ ಚಾವಣಿ ಸಾಕಾಗಬಹುದು. ಗಾಲಿಕುರ್ಚಿಗೆ ಎಡರಾಗುವುದರಿಂದ ಎತ್ತರದ ಹೊಸ್ತಿಲು ಬೇಡ. ಅದರ ಅರ್ಥವನ್ನು ಬೆಳಕು ಮತ್ತು ನೆಲದ ಸ್ಪರ್ಶ ಹೊರಬಲ್ಲವು.

ಅಳತೆಯೂ ವಿಚಾರವೇ ಎಂಬುದನ್ನು ಕ್ರಿಸ್ಟೊಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರ 1977ರ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಚೆನ್ನಾಗಿ ತೋರಿಸುತ್ತದೆ. ಆರು ಅಡಿಗಿಂತ ಕಿರಿದಾದ ಬಾಲ್ಕನಿಯನ್ನು ಜನ ಅಷ್ಟಾಗಿ ಬಳಸುವುದಿಲ್ಲ ಎಂಬುದು ಅದರ ಒಂದು ಸೂತ್ರ. ನಾಲ್ಕು ಜನ ಎದುರುಬದುರು ಕೂರಲಾಗದ ಜಾಗಕ್ಕೆ ‘ಒಡನಾಟ’ ಎಂದು ಹೆಸರಿಟ್ಟರೆ ಅದು ಬಟ್ಟೆ ಒಣಹಾಕುವ ಜಾಗವಾಗಿಯೇ ಉಳಿಯುತ್ತದೆ.

ಜ್ಯೂರಿಯೂ ದೋಷದಲ್ಲಿ ಪಾಲುದಾರ. ಗೋಡೆಗೆ ತೂಗುಹಾಕಿದ ಹಾಳೆ, ನಿಮಿಷಗಳ ಭಾಷಣ, ಕಂಪ್ಯೂಟರಿನಲ್ಲಿ ಮೂಡಿಸಿದ ಸಂಜೆಬೆಳಕಿನ ಚಿತ್ರ ಇವೆಲ್ಲ ಮಾತುಗಾರಿಕೆಗೆ ಒಲಿಯುತ್ತವೆ. ಆ ಮನೆಯಲ್ಲಿ ಇರಬೇಕಾದವರು ಕೋಣೆಯಲ್ಲಿ ಇರುವುದಿಲ್ಲ. ಪದದ ಹೆಸರು ತಿಳಿಸದೆ ಮೊದಲು ಪ್ಲಾನ್ ಮತ್ತು ಸೆಕ್ಷನ್ ಓದುವುದು, ಮೂಡ್ ಬೋರ್ಡಿಗೂ ಮುಂಚೆ ಮನೆಯವರ ಒಂದು ದಿನವನ್ನು ಗಂಟೆಗಂಟೆಗೆ ಬರೆಸುವುದು, ಮುಖ್ಯವಾದ ಒಂದು ಮೂಲೆಯನ್ನಾದರೂ ರಟ್ಟಿನಲ್ಲಿ ಪೂರ್ಣ ಅಳತೆಗೆ ಕಟ್ಟಿಸಿ ಅದರಲ್ಲಿ ಕೂತು ಏಳುವುದು ಇಂಥ ತಿದ್ದುಪಡಿಗಳು ಯಾವ ಕಾಲೇಜಿಗೂ ಭಾರವಲ್ಲ.

ಒಟ್ಟಿನಲ್ಲಿ, ಪದದಿಂದ ಆರಂಭಿಸುವ ಪದ್ಧತಿ ಉಳಿಸಿಕೊಳ್ಳಲು ತಕ್ಕದ್ದು. ಅದಿಲ್ಲದೆ ಒಳಾಂಗಣವು ಕ್ಯಾಟಲಾಗಿನಿಂದ ಆರಿಸಿದ ಪೀಠೋಪಕರಣಗಳ ಜೋಡಣೆಯಾಗುತ್ತದೆ. ಪದ ಪ್ಲಾನನ್ನು ಬದಲಿಸಿದೆಯೇ, ದೇಹದ ಮತ್ತು ದಿನಚರಿಯ ಪ್ರಶ್ನೆಗಳಿಗೆ ಸಿಕ್ಕಿ ತಾನೂ ಬದಲಾಗಿದೆಯೇ ಎಂಬ ಎರಡು ಪರೀಕ್ಷೆಗಳಿಗೆ ಅದು ಒಳಪಡಬೇಕು. ಮೊದಲನೆಯದರಲ್ಲಿ ಸೋತದ್ದು ಅಲಂಕಾರ. ಎರಡನೆಯದರಲ್ಲಿ ಸೋತ ಮನೆಯಲ್ಲಿ ವಾಸಿಸುವವರು ಅತಿಥಿಗಳಾಗಿಯೇ ಉಳಿಯುತ್ತಾರೆ.